ತಾಳ ಕೊಟ್ಟರೆ ಏಳುವ ಹೆಜ್ಜೆ

ಪಾರ್ಕಿನ್ಸನ್ ಕಾಯಿಲೆ ಇರುವ ಅನೇಕ ಮನೆಗಳಲ್ಲಿ ಕಾಣುವ ಒಂದು ವಿಚಿತ್ರವಿದೆ. ಹಾಲ್‌ನಲ್ಲಿ ಹೇಗೋ ನಡೆದು ಬಂದವರು ಬಾತ್‌ರೂಮಿನ ಬಾಗಿಲಲ್ಲೋ ಲಿಫ್ಟಿನ ಮುಂದೋ ಗಕ್ಕನೆ ನಿಂತುಬಿಡುತ್ತಾರೆ. ಕಾಲಲ್ಲಿ ಶಕ್ತಿ ಇದೆ, ಹೋಗಬೇಕೆಂಬ ಮನಸ್ಸೂ ಇದೆ, ಹೆಜ್ಜೆ ಮಾತ್ರ ಏಳುವುದಿಲ್ಲ. ಹಿಂದಿನಿಂದ ತಳ್ಳಿದರೆ ಬೀಳುತ್ತಾರೆ. ಪಕ್ಕದಲ್ಲಿ ನಿಂತು ಒಂದೇ ಲಯದಲ್ಲಿ ‘ಒಂದು, ಎರಡು, ಒಂದು, ಎರಡು’ ಎಂದು ಎಣಿಸಿದರೆ ಎಷ್ಟೋ ಸಲ ಕಾಲು ತಾನಾಗಿ ಎದ್ದುಬಿಡುತ್ತದೆ.

ನಡಿಗೆ ನಾವು ಯೋಚಿಸದೆ ಮಾಡುವ ಕೆಲಸ. ಒಂದು ಹೆಜ್ಜೆಯ ಹಿಂದೆ ಇನ್ನೊಂದು ತಾನಾಗಿ ಬರುವಂತೆ ನೋಡಿಕೊಳ್ಳುವುದರಲ್ಲಿ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪಿಗೆ ದೊಡ್ಡ ಪಾಲಿದೆ. ಅದು ಸರಿಯಾಗಿ ಕೆಲಸ ಮಾಡಲು ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ಕೋಶಗಳೇ ಸಾಯುತ್ತ ಹೋಗುವುದರಿಂದ ಒಳಗಿನ ಲಯ ಕೆಡುತ್ತದೆ. ಹೊರಗಿನಿಂದ ತಾಳ ಕೇಳಿಸಿದಾಗ ಕಿರುಮೆದುಳು, ಮೆದುಳಿನ ಹೊರಪದರದಲ್ಲಿ ಚಲನೆಯನ್ನು ಯೋಜಿಸುವ ಭಾಗ ಮುಂತಾದವು ಕೆಲಸವನ್ನು ಕೈಗೆತ್ತಿಕೊಳ್ಳುತ್ತವೆ ಎಂಬುದು ಈಗ ಬಹಳ ತಜ್ಞರು ಒಪ್ಪುವ ವಿವರಣೆ. ಮುಂಬಯಿಯಲ್ಲಿ ಹಳಿ ರಿಪೇರಿಗೆಂದು ಮಾಡುವ ಭಾನುವಾರದ ಮೆಗಾ ಬ್ಲಾಕ್‌ನಲ್ಲಿ ಸ್ಲೋ ಲೋಕಲ್‌ ರೈಲುಗಳನ್ನು ಫಾಸ್ಟ್ ಹಳಿಗೆ ತಿರುಗಿಸುತ್ತಾರಲ್ಲ, ಹಾಗೆ. ಕೆಟ್ಟ ಹಳಿ ಅದರಿಂದ ರಿಪೇರಿಯಾಗುವುದಿಲ್ಲ, ಗಾಡಿ ಮಾತ್ರ ಓಡುತ್ತದೆ.

ಲಯ ಹಿಡಿಯುವ ಕೆಲಸಕ್ಕೆ ಕಣ್ಣಿಗಿಂತ ಕಿವಿಯೇ ಚುರುಕು. ಮೊಬೈಲಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ, ಟಿಕ್ ಟಿಕ್‌ಗೆ ಸರಿಯಾಗಿ ಮೇಜು ತಟ್ಟಿ ನೋಡಿ. ನಿಖರವಾಗಿ ಅಳೆದರೆ ನಿಮ್ಮ ಬೆರಳು ಸಾಮಾನ್ಯವಾಗಿ ಶಬ್ದಕ್ಕಿಂತ ಸೆಕೆಂಡಿನ ನೂರರಲ್ಲಿ ಕೆಲವು ಪಾಲಿನಷ್ಟು ಮೊದಲೇ ಮೇಜಿಗೆ ಬಿದ್ದಿರುತ್ತದೆ. ಅಂದರೆ ಮೆದುಳು ಶಬ್ದ ಕೇಳಿದ ಮೇಲೆ ಕೈ ಆಡಿಸುತ್ತಿಲ್ಲ, ಮುಂದಿನ ಪೆಟ್ಟು ಯಾವಾಗ ಎಂದು ಮೊದಲೇ ಲೆಕ್ಕ ಹಾಕುತ್ತಿದೆ. ಮುಂದಿನ ಹೆಜ್ಜೆಗೂ ಬೇಕಾದದ್ದು ಈ ಲೆಕ್ಕವೇ.

ತಾಳಕ್ಕೆ ನಡೆಯುವುದನ್ನು ಚಿಕಿತ್ಸೆಯಾಗಿ ರೂಪಿಸಿದವರಲ್ಲಿ ಅಮೆರಿಕದ ಕೊಲರಾಡೊದಲ್ಲಿದ್ದ ಮೈಕೆಲ್ ಥಾಟ್ ಮುಖ್ಯರು. 1996ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಪಾರ್ಕಿನ್ಸನ್ ರೋಗಿಗಳು ಮೂರು ವಾರ ಮನೆಯಲ್ಲೇ, ದಿನಕ್ಕೆ ಅರ್ಧ ಗಂಟೆ, ತಾಳ ಕೇಳುತ್ತ ನಡೆದರು. ನಡಿಗೆಯ ವೇಗ ಶೇ. 25ರಷ್ಟು, ಹೆಜ್ಜೆಯ ಉದ್ದ ಶೇ. 12ರಷ್ಟು ಹೆಚ್ಚಿತು. ವಿಧಾನದಲ್ಲಿ ಗುಟ್ಟೇನಿಲ್ಲ. ರೋಗಿ ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆಂದು ಎಣಿಸಿ, ಮೊದಲು ಅದೇ ವೇಗದ ತಾಳ ಕೊಡಬೇಕು. 90 ಹೆಜ್ಜೆ ನಡೆಯುವವರಿಗೆ 90. ಕಾಲು ಒಗ್ಗಿದ ಮೇಲೆ ಶೇ. 5ರಿಂದ 10ರಷ್ಟು ಏರಿಸಬೇಕು.

ಮುಂಬಯಿಗೆ ಈ ಕಾಯಿಲೆಯ ಜೊತೆ ಹಳೆಯ ಸಂಬಂಧವಿದೆ. ಡಾ. ಭರೂಚಾ ಮತ್ತು ಸಂಗಡಿಗರು ಇಲ್ಲಿನ ಪಾರ್ಸಿ ಕಾಲನಿಗಳಲ್ಲಿ ಮನೆಮನೆಗೆ ಹೋಗಿ 14,010 ಜನರನ್ನು ವಿಚಾರಿಸಿದ ಸಮೀಕ್ಷೆ 1988ರಲ್ಲಿ ಪ್ರಕಟವಾಯಿತು. ಲಕ್ಷಕ್ಕೆ ಸುಮಾರು 328 ಜನರಲ್ಲಿ ಪಾರ್ಕಿನ್ಸನ್ ಇತ್ತು. ವಯಸ್ಸಾದವರೇ ಹೆಚ್ಚಿರುವ ಸಮುದಾಯವಾದ್ದರಿಂದ ಆ ಅಂಕಿಯನ್ನು ಇಡೀ ನಗರಕ್ಕೆ ಹಚ್ಚುವಂತಿಲ್ಲ, ಆದರೆ ನಗರವೂ ಈಗ ಮುಪ್ಪಾಗುತ್ತಿದೆ. ನರತಜ್ಞ ಡಾ. ಬಿ. ಎಸ್. ಸಿಂಘಾಲ್ 2001ರಲ್ಲಿ ಇಲ್ಲಿ ಕಟ್ಟಿದ ಪಾರ್ಕಿನ್ಸನ್ ಸೊಸೈಟಿ ರೋಗಿಗಳನ್ನೂ ಮನೆಯವರನ್ನೂ ಸೇರಿಸಿ ಉಚಿತ ಬೆಂಬಲ ಕೇಂದ್ರಗಳನ್ನು ನಡೆಸುತ್ತ ಬಂದಿದೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ 1950ರಲ್ಲೇ ಆಕ್ಯುಪೇಶನಲ್ ಥೆರಪಿ ಶಾಲೆ ಆರಂಭಿಸಿದ್ದರು. ಹಾಜಿ ಅಲಿಯ ಅಖಿಲ ಭಾರತ ಪುನರ್ವಸತಿ ಸಂಸ್ಥೆ 1955ರದು. ಹೀಗೆ, ಕೈಕಾಲಿಗೆ ಮತ್ತೆ ಕೆಲಸ ಕಲಿಸುವ ವಿದ್ಯೆ ಈ ಊರಿಗೆ ಹೊಸದಲ್ಲ.

ತಾಳವಂತೂ ಮೊದಲೇ ಹೊಸದಲ್ಲ. ಗಣಪತಿ ಮೆರವಣಿಗೆಯ ಲೇಜಿಮ್, ಮಾಟುಂಗದಿಂದ ಭಾಂಡುಪ್‌ವರೆಗಿನ ನಮ್ಮ ಕನ್ನಡಿಗರ ಯಕ್ಷಗಾನ, ಮಕ್ಕಳ ಭರತನಾಟ್ಯದ ಕ್ಲಾಸು ಎಲ್ಲ ಇವೆ. ಹಾಗೆಂದು ಯಾವ ತಾಳವಾದರೂ ಮದ್ದಾಗುತ್ತದೆ ಎಂದು ತಿಳಿಯಬಾರದು. ಯುದ್ಧದ ಸನ್ನಿವೇಶದ ಚೆಂಡೆಗೆ ಕಾಲು ಕುಣಿಯಬೇಕೆನ್ನಿಸಬಹುದು, ಆದರೆ ಎಪ್ಪತ್ತೈದರ ಅಜ್ಜನ ಕಾಲು ಆ ವೇಗವನ್ನು ಹಿಡಿಯಲು ಹೋಗಿ ಮುಗ್ಗರಿಸುತ್ತದೆ. ಅವರಿಗೆ ಅವರದೇ ನಡಿಗೆಯ ವೇಗಕ್ಕೆ ಹೊಂದುವ, ಪೆಟ್ಟು ಸ್ಪಷ್ಟವಾಗಿ ಕೇಳುವ ಹಾಡು ಬೇಕು. ಅದು ಪರಿಚಿತ ಭಜನೆಯಾದರೆ ಇನ್ನೂ ಒಳ್ಳೆಯದು, ದಿನವೂ ಕೇಳಲು ಬೇಸರವಾಗದು.

ತಾಳದಿಂದ ಮಕ್ಕಳ ಗಮನವೂ ಸುಧಾರಿಸುತ್ತದೆ ಎಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಹೆಡ್‌ಫೋನ್ ಹಾಕಿಕೊಂಡು ಟಿಕ್ ಟಿಕ್‌ಗೆ ಚಪ್ಪಾಳೆ ತಟ್ಟಿಸಿ, ಎಷ್ಟು ತಪ್ಪಿತು ಎಂದು ಕಂಪ್ಯೂಟರ್ ತೋರಿಸುವ ತರಬೇತಿ ಅಮೆರಿಕದಲ್ಲಿ 1990ರ ದಶಕದಿಂದ ಇದೆ. ಗಮನ ನಿಲ್ಲದ 6ರಿಂದ 12 ವಯಸ್ಸಿನ 56 ಹುಡುಗರ ಮೇಲೆ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಗಿ, ಗಮನವೂ ಕೈಕಾಲಿನ ಹಿಡಿತವೂ ಸುಧಾರಿಸಿದವು ಎಂದಿತು. ಕುತೂಹಲಕರವೇ ಸರಿ, ಆದರೆ ಅಷ್ಟು ಚಿಕ್ಕ ಗುಂಪಿನಿಂದ ‘ಮೆದುಳು ಚುರುಕಾಗುತ್ತದೆ’ ಎಂಬ ಜಾಹೀರಾತಿಗೆ ಹಾರುವುದು ಲಾಂಗ್ ಜಂಪ್. ಸ್ಟ್ರೋಕ್ ಮುಂತಾದವುಗಳಿಂದ ಮೆದುಳಿಗೆ ಪೆಟ್ಟಾದವರಿಗೆ ಸಂಗೀತ ಚಿಕಿತ್ಸೆ ಕೊಟ್ಟ 29 ಪ್ರಯೋಗಗಳನ್ನು, ಒಟ್ಟು 775 ಜನರ ಫಲಿತಾಂಶವನ್ನು, ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಿಗೆ ಪರಿಶೀಲಿಸಿತು. ನಡಿಗೆಗೆ ಲಾಭವಾಗಬಹುದು ಎಂದು ಕಂಡಿತು. ನೆನಪು ಮತ್ತು ಗಮನಕ್ಕೆ ಲಾಭವಿದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ತಾಳಕ್ಕೆ ನಡೆದು ಅಭ್ಯಾಸ ಮಾಡಿದರೆ ನಡಿಗೆ ಸುಧಾರಿಸಬಹುದು. ಗಣಿತದ ಅಂಕವೂ ಏರುತ್ತದೆ ಎಂದು ಫೀಸು ಕೇಳುವವರಿಗೆ ಪುರಾವೆ ಕೇಳಿ.

ನಡಿಗೆಯ ಲಾಭವೂ ಕಾಯಂ ಅಲ್ಲ. ಅಭ್ಯಾಸ ಬಿಟ್ಟರೆ ಕೆಲವೇ ವಾರಗಳಲ್ಲಿ ಕರಗತೊಡಗುತ್ತದೆ, ಡೋಪಮೈನ್ ಕೋಶಗಳು ಮರಳಿ ಬರುವುದೂ ಇಲ್ಲ. ಆದ್ದರಿಂದ ಮಾತ್ರೆ ನಿಲ್ಲಿಸುವಂತಿಲ್ಲ. ಆರಂಭದ ಕೆಲವು ದಿನ ಫಿಸಿಯೋಥೆರಪಿಸ್ಟ್ ಕಣ್ಣೆದುರಲ್ಲೇ ನಡೆಯಬೇಕು, ಹಿಂದೆ ಬಿದ್ದು ಪೆಟ್ಟಾದವರು ಒಬ್ಬರೇ ಅಭ್ಯಾಸ ಮಾಡಬಾರದು. ಮನೆಯ ಪ್ಯಾಸೇಜು, ಸೊಸೈಟಿಯ ಅಂಗಳ ಸಾಕು. ದಾದರ್ ಸೇತುವೆಯ ಮೇಲೆ, ಪ್ಲಾಟ್‌ಫಾರ್ಮಿನಲ್ಲಿ, ರಸ್ತೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಾಳ ಕೇಳುವುದು ಬೇಡ. ಅಲ್ಲಿ ಕಾಲು ಅಂಟಿಕೊಂಡರೆ ಜೊತೆಗಿದ್ದವರು ಕೈ ಹಿಡಿದು ಬಾಯಲ್ಲೇ ಎಣಿಸಲಿ.