ಜಾಬ್ ತಡೀರಿ, ತಕ್ಷಣ ತಿರುಗಿಸಿ ಕೊಡಿ

ಇದು ಇಬ್ಬರು ಮಾಡೋ ಬಾಕ್ಸಿಂಗ್ ಡ್ರಿಲ್. ಇಬ್ಬರದೂ ಎಡಗಾಲು ಮುಂದೆ, ಬಾಯಲ್ಲಿ ಮೌತ್‌ಗಾರ್ಡ್. ಪಾರ್ಟ್ನರ್ ಅರ್ಧ ಸ್ಪೀಡ್‌ನಲ್ಲಿ ಜಾಬ್, ಅಂದ್ರೆ ಎಡಗೈಯ ನೇರ ಪಂಚ್, ಹೊಡೀತಾರೆ. ನೀವು ಬಲ ಅಂಗೈಯಿಂದ ಅದನ್ನ ಪಕ್ಕಕ್ಕೆ ತಳ್ಳಿ, ಎರಡೇ ಎರಡು ಇಂಚು. ನೊಣ ಓಡಿಸೋ ಹಾಗೆ ಬೀಸಿದ್ರೆ ಮುಖಕ್ಕೆ ಕಾವಲೇ ಇರಲ್ಲ!

ಈಗ ನೋಡಿ, ಅವರ ಕೈ ವಾಪಸ್ ಹೋಗ್ತಿದೆ. ಅದರ ಬೆನ್ನಿಗೇ ನಿಮ್ಮ ಜಾಬ್ ಹೋಗ್ಬೇಕು. ತಡೆದು, ನಿಂತು, ಆಮೇಲೆ ಹೊಡೆದ್ರೆ ಅಷ್ಟರಲ್ಲಿ ಗಾರ್ಡ್ ಮುಚ್ಚಿರುತ್ತೆ.

ಕೈಗೆ ಕೂತ್ಮೇಲೆ ಸ್ಲಿಪ್. ಮೊಣಕಾಲು ಸ್ವಲ್ಪ ಬಗ್ಗಿಸಿ, ತಲೆ ಬಲಕ್ಕೆ, ಜಾಬ್‌ನ ಹೊರಗಡೆ. ಭಾರ ಬಲಗಾಲಿಗೆ ಬಂತಲ್ಲ? ಅಲ್ಲಿಂದಲೇ ಸೊಂಟ ತಿರುಗಿಸಿ ಬಲಗೈಯಿಂದ ಕ್ರಾಸ್.

ಪಾರ್ಟ್ನರ್‌ಗೊಂದು ಮಾತು: ನಿಧಾನಕ್ಕೆ ಹೊಡೀರಿ, ಆದ್ರೆ ಗುರಿ ಮೂಗಿಗೇ ಇರ್ಲಿ. ದಾಕ್ಷಿಣ್ಯಕ್ಕೆ ಗಾಳಿಗೆ ಹೊಡೆದ್ರೆ ಎದುರಿನವರು ಏನನ್ನ ತಡೀಬೇಕು?

3 ನಿಮಿಷ ಆಯ್ತಾ? ಅದಲು ಬದಲು.