ಬಸ್ಸಿನಲ್ಲಿ ಬಂದ ಪಿಳ್ಳೆಗಳು

ಮಳೆಯಲ್ಲಿ ತೊಯ್ದ ಬಸ್ಸು ಸಕಲೇಶಪುರದ ಆಚೆಯ ಕೈಮರದಲ್ಲಿ ನಿಂತಾಗ ಕಂಡಕ್ಟರ್ ಮೊದಲು ಇಳಿಸುವುದು ಆ ರಟ್ಟಿನ ಪೆಟ್ಟಿಗೆಯನ್ನು. ಅದರ ಸುತ್ತ ಬೆರಳು ತೂರುವಷ್ಟು ತೂತುಗಳು. ಅವುಗಳಿಂದ ಹೊಮ್ಮುವ ಚಿಂವ್ ಚಿಂವ್ ಗಲಾಟೆಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೂ ಕತ್ತು ಹೊರಳಿಸುತ್ತಾರೆ. ಒಳಗಿರುವುದು ನಿನ್ನೆಯಷ್ಟೇ ಮೊಟ್ಟೆಯೊಡೆದ ಗಿರಿರಾಜ ಮರಿಗಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೆಬ್ಬಾಳದಲ್ಲಿ ಹಿತ್ತಿಲ ಸಾಕಣೆಗೆಂದು ರೂಪಿಸಿದ ತಳಿ. ದಾರಿಯುದ್ದಕ್ಕೂ ಕಾಳಿಲ್ಲ, ನೀರಿಲ್ಲ. ಹುಟ್ಟುವ ಮುನ್ನ ಒಡಲೊಳಗೆ ಎಳೆದುಕೊಂಡ ಮೊಟ್ಟೆಯ ಹಳದಿಯೇ ಅವನ್ನು 2-3 ದಿನ ಕಾಪಾಡುತ್ತದೆ.

ಮರಿ ತರಿಸಿದ ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ದುಂಡಗೆ ಬಗ್ಗಿಸಿ ನಿಲ್ಲಿಸಿದ ತಗಡು, ಒಳಗೆ ಭತ್ತದ ಹೊಟ್ಟು, ಅದರ ಮೇಲೆ ಹಳೇ ಪೇಪರು, ಆಗಲೇ ಉರಿಯುತ್ತಿರುವ ಬಲ್ಬು. ಬೆಚ್ಚಗಾದ ಹೊಟ್ಟಿನ ವಾಸನೆ ಮೂಗಿಗೆ ಹಿತವಾಗಿದೆ. ಮನೆಯಾಕೆ ಒಂದೊಂದೇ ಮರಿಯನ್ನು ಅಂಗೈಗೆ ತೆಗೆದುಕೊಂಡು ಕೊಕ್ಕಿನ ತುದಿಯನ್ನು ಬೆಲ್ಲದ ನೀರಿಗೆ ಅದ್ದುತ್ತಾರೆ. ಅದು ತಲೆಯೆತ್ತಿ, ಕಣ್ಣು ಮುಚ್ಚಿ, ಗುಟುಕು ಇಳಿಸುವವರೆಗೆ ಕೆಳಗೆ ಬಿಡುವುದಿಲ್ಲ. ಒಂದರ ಹಿಂಬದಿಗೆ ಹಿಕ್ಕೆ ಅಂಟಿ ಒಣಗಿದೆ. ಬಿಸಿನೀರಿನ ಬಟ್ಟೆಯಿಂದ ನೆನೆಸಿ ನೆನೆಸಿ, ತುಪ್ಪಳ ಕಿತ್ತು ಬಾರದಂತೆ ಒರೆಸುತ್ತಾರೆ. ಹಾಗೇ ಬಿಟ್ಟರೆ ದಾರಿ ಕಟ್ಟಿಕೊಂಡು ಮರಿ ಉಳಿಯದು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಕೆ ಅದನ್ನು ಮರಿಗಳನ್ನು ನೋಡಿಯೇ ಅಳೆಯುತ್ತಾರೆ: ಬಲ್ಬಿನಡಿ ಒತ್ತಿಕೊಂಡು ಅರಚಿದರೆ ಚಳಿ, ಅಂಚಿಗೆ ಸರಿದು ಬಾಯಿ ಕಳೆದರೆ ಸೆಕೆ, ಹರಡಿಕೊಂಡು ಮಲಗಿದರೆ ಎಲ್ಲ ಸರಿ.

ಆದರೆ ಮಲೆನಾಡಿನ ಮಳೆಗಾಲದ ಕರೆಂಟನ್ನು ನಂಬುವುದು ಹೇಗೆ? ಅದಕ್ಕೇ ಒಳಕೋಣೆಯ ಮಂಕರಿಯಲ್ಲಿ ನಾಟಿ ಹೇಂಟೆಯೊಂದು ಕಾವಿಗೆ ಕೂತಿದೆ. ಅದರಡಿ ಇರುವುದು ಅಂಗಡಿಯ ಬಿಳಿ ಮೊಟ್ಟೆಗಳು. 21 ದಿನ ಕಳೆದರೂ ಒಡೆಯುವಂಥವಲ್ಲ.

ಕತ್ತಲಾಗಿ ಹುಂಜಗಳೆಲ್ಲ ಒಡ್ಡಿ ಸೇರಿದ ಮೇಲೆ, "ಟಾರ್ಚ್ ಬಿಡ್ಬೇಡಿ ಮಾರಾಯ್ರೆ" ಎಂದು ಪಿಸುಗುಟ್ಟಿ ಆಕೆ ಮಂಕರಿಗೆ ಕೈ ತೂರಿಸುತ್ತಾರೆ. ಒಂದು ಮೊಟ್ಟೆ ಹೊರಗೆ, ಒಂದು ಮರಿ ಒಳಗೆ. ಹೇಂಟೆ ಗರಿ ಕೆದರಿ ಮುಂಗೈಗೆ ಕುಕ್ಕುತ್ತದೆ. ಆಕೆ ಕೈ ಎಳೆದುಕೊಳ್ಳುವುದಿಲ್ಲ. ಅದರ ಹೊಟ್ಟೆಯ ಬಿಸಿ ತಾಗಿದ್ದೇ ಮರಿಗಳ ಚೀರಾಟ ತಗ್ಗಿ, ನಿದ್ದೆಗಣ್ಣಿನ ಸಣ್ಣ ರಾಗವಾಗುತ್ತದೆ. ಹತ್ತು ಹನ್ನೆರಡಕ್ಕೆ ಸಾಕು. ಹೆಚ್ಚಾದರೆ ರೆಕ್ಕೆಯಡಿ ಜಾಗ ಸಾಲದು. ಉಳಿದವು ಬಲ್ಬಿನ ಪಾಲು.

ಬೆಳಕು ಹರಿಯುವಾಗ ಕಾವಲು ಬೇಕೇ ಬೇಕು, ಬೇರೆಯವರ ಮರಿಯೆಂದು ಕುಕ್ಕಿ ಕೊಲ್ಲುವ ಹೇಂಟೆಗಳೂ ಉಂಟು. ಇದು ಮಾತ್ರ ನುಚ್ಚಕ್ಕಿಯ ಮೇಲೆ ಕೊಕ್ಕು ಕುಟ್ಟಿ ಲೊಕ್ ಲೊಕ್ ಎಂದು ಕರೆಯುತ್ತಿದೆ. ಯಂತ್ರದ ಕಾವಿನಲ್ಲಿ ಹುಟ್ಟಿ, ತಾಯಿಯ ದನಿಯನ್ನೇ ಕೇಳದ ಮರಿಗಳು ಓಡಿಬಂದು ಅದು ಕುಟ್ಟಿದಲ್ಲೇ ಕುಟ್ಟುತ್ತವೆ. ಹಿತ್ತಿಲಲ್ಲಿ ಇದಕ್ಕಿಂತ ಚೆಂದದ ನೋಟ ನಾನು ಕಂಡಿಲ್ಲ. ಕಾವು ಬಲ್ಬೂ ಕೊಟ್ಟೀತು. ಹದ್ದು ಬಂದಾಗ ಕೂಗಿ ಎಚ್ಚರಿಸುವುದು ತಾಯಿಯೊಂದೇ.

ಮರಿ ತರಿಸುವವರು ಮೊದಲು ಹೇಂಟೆ ಕಾವಿಗೆ ಕೂರುವುದನ್ನು ನೋಡಿ, ಆಮೇಲೆ ಮರಿಗೆ ಹೇಳಿ. ಬಂದ ರಾತ್ರಿಯೇ ಸೇರಿಸಿ. ನಾಲ್ಕೈದು ದಿನ ಬಲ್ಬಿಗೆ ಒಗ್ಗಿದ ಮರಿ ತಾಯಿಯ ಕರೆಗೆ ಓಗೊಡುವುದು ಕಷ್ಟ. ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಹಾಕಿಸುವುದನ್ನೂ ಮರೆಯಬೇಡಿ.