ಮರವಿಲ್ಲದ ಬಯಲು, ಒಂಟಿ ಸೈಕಲ್ಲು

ಪ್ರಶ್ನೆ: ಬಟಾಬಯಲಿನಲ್ಲಿ ನೂರಾರು ಕಿಲೋಮೀಟರ್ ಒಬ್ಬರೇ ಸೈಕಲ್ ತುಳಿಯುವವರು ದಿನವನ್ನು ಹೇಗೆ ಕಳೆಯುತ್ತಾರೆ? ಬೇಸರವಾಗುವುದಿಲ್ಲವೇ?

ಉತ್ತರ: ಬೇಸರ ಬಂದರೂ ಅದಕ್ಕೆ ಪುರುಸೊತ್ತು ಕಡಿಮೆ. ಆಸ್ಟ್ರೇಲಿಯದ ನಲ್ಲರ್ಬೋರ್ ಬಯಲನ್ನೇ ನೋಡಿ. ಲ್ಯಾಟಿನ್ ಮೂಲದ ಈ ಹೆಸರಿಗೆ ‘ಮರವಿಲ್ಲದ್ದು’ ಎಂದೇ ಅರ್ಥ. ನೆಲ ಸುಣ್ಣಕಲ್ಲಿನದು. ಬಿದ್ದ ಅಲ್ಪ ಮಳೆಯೂ ಒಳಗಿಳಿದುಬಿಡುವುದರಿಂದ ಹೊಳೆ, ಹಳ್ಳ ಕಾಣುವುದಿಲ್ಲ. ಇಲ್ಲಿನ ಏರ್ ಹೆದ್ದಾರಿಯಲ್ಲಿ 146.6 ಕಿ.ಮೀ. ಉದ್ದಕ್ಕೆ ಒಂದೂ ತಿರುವಿಲ್ಲ. ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು ದೂರ! ಆ ಭಾಗದಲ್ಲಿ ಬ್ಯಾಲಡೋನಿಯ, ಕೈಗೂನ ಎಂಬ ಎರಡು ತಂಗುದಾಣಗಳ ನಡುವೆ ಸುಮಾರು 180 ಕಿ.ಮೀ. ಅಂತರ.

ಹಾಗಾಗಿ ದಿನವಿಡೀ ನೀರಿನ ಲೆಕ್ಕ: ಎಷ್ಟು ಕುಡಿದೆ, ಎಷ್ಟು ಉಳಿಯಿತು. ಇನ್ನೊಂದು ಲೆಕ್ಕ ಗಾಳಿಯದು. ಮುಖಕ್ಕೆ ಬಡಿಯುವ ಗಾಳಿಯ ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಮಡಿಯಾಗುತ್ತದೆ. ಅಡ್ಡ ನಿಲ್ಲಲು ಬೆಟ್ಟವೂ ಇಲ್ಲ, ತೋಪೂ ಇಲ್ಲ. ಅದಕ್ಕೇ ಅನುಭವಿಗಳು ಗಾಳಿ ಏಳುವ ಮುನ್ನ, ನಸುಕಿನಲ್ಲೇ ಹೊರಡುತ್ತಾರೆ. ಉದ್ದುದ್ದ ಲಾರಿಯೊಂದು ಹಾದುಹೋದರೆ ರಸ್ತೆ ಬಿಟ್ಟು ಪಕ್ಕಕ್ಕಿಳಿಯಬೇಕು. ಆಮೇಲೆ ಮತ್ತೆ ಚೈನಿನ ಸದ್ದು, ಉಸಿರಿನ ಸದ್ದು ಅಷ್ಟೇ. ಇಷ್ಟರಲ್ಲೇ ಸಂಜೆಯಾಗುತ್ತದೆ, ರಸ್ತೆಯಿಂದ ತುಸು ದೂರ ಗುಡಾರ ಹಾಕಿದರೆ ಮೇಲೆಲ್ಲ ನಕ್ಷತ್ರ.

ಇದು ಇಂದಿನವರ ಹುಚ್ಚಲ್ಲ. ಡಾಂಬರು ರಸ್ತೆಯೇ ಇಲ್ಲದ 1896ರಲ್ಲಿ ಆರ್ಥರ್ ರಿಚರ್ಡ್‌ಸನ್ ಎಂಬಾತ ಕೂಲ್‌ಗಾರ್ಡಿಯಿಂದ ಹೊರಟು, ಇದೇ ಬಯಲು ದಾಟಿ, 31 ದಿನಗಳಲ್ಲಿ ಅಡಿಲೇಡ್ ಮುಟ್ಟಿದ್ದ.